ಕಣ್ಕಟ್ಟಿಗೆ ಕಣ್ಣು ಬೇಕು



ನಮ್ಮ ಶಾಲೆಯ ಪ್ರತಿಭಾ ಪ್ರದರ್ಶನಕ್ಕೆ ಈ ಸಲ ಮನೆಯಲ್ಲೇ ಚಿತ್ರೀಕರಿಸಿದ ವಿಡಿಯೋ ಕಳಿಸಿದರೂ ಆಗುತ್ತದೆ ಎಂಬ ಸೂಚನೆ ಬಂದ ದಿನ ನಮ್ಮ ಮನೆಯಲ್ಲಿ ಹಬ್ಬದ ವಾತಾವರಣ. ನಾಲ್ಕನೇ ತರಗತಿಯ ನನ್ನ ಮಗನಿಗೆ ವೇದಿಕೆ ಎಂದರೆ ಹೊಟ್ಟೆನೋವು, ಮೊಬೈಲ್ ಎಂದರೆ ಪಂಚಪ್ರಾಣ. "ನಾನು ಜಾದೂ ಮಾಡ್ತೇನೆ" ಎಂದು ಅವತ್ತೇ ಘೋಷಿಸಿಬಿಟ್ಟ.

ಆರಿಸಿಕೊಂಡದ್ದು ತೀರಾ ಹಳೆಯ ಆಟ. ಒಂದು 50 ದಿರ್ಹಂ ನಾಣ್ಯ. ಅದು ಬಲಗೈಯಿಂದ ಎಡಗೈಗೆ ಹೋದ ಹಾಗೆ ಕಾಣಬೇಕು, ಎಡಗೈ ಬಿಚ್ಚಿದರೆ ಖಾಲಿ ಇರಬೇಕು, ಕೊನೆಗೆ ನೋಡುವವರ ಕಿವಿಯ ಹಿಂದಿನಿಂದ ಬರಬೇಕು. ಮೂರು ವಾರ ಬಿಡದೆ ಅಭ್ಯಾಸ ಮಾಡಿದ. ಊಟದ ತಟ್ಟೆಯ ಪಕ್ಕದಲ್ಲಿ, ಶಾಲೆಯ ಬಸ್ಸಿನಲ್ಲಿ, ಮಲಗುವ ಮುಂಚೆ ಹಾಸಿಗೆಯ ಮೇಲೆ. ನಾಣ್ಯ ಟಣ್ ಎಂದು ನೆಲಕ್ಕೆ ಬೀಳುವ ಸದ್ದಿಗೆ ಕೆಳಗಿನ ಫ್ಲ್ಯಾಟಿನವರು ಏನೆಂದುಕೊಂಡರೋ ಗೊತ್ತಿಲ್ಲ. ಆಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಅವನ ಅಪ್ಪ ಮೊಬೈಲ್ ಹಿಡಿದು ನಿಂತರು. 31 ಸಲ ಚಿತ್ರೀಕರಣ. 31ನೆಯದು ಸರಿಬಂತು. ನೋಡುವವರು ಯಾರೂ ಇರಲಿಲ್ಲವಾದ್ದರಿಂದ ನಾಣ್ಯ ಅವನ ಗೊಂಬೆ ಕರಡಿಯ ಕಿವಿಯ ಹಿಂದಿನಿಂದ ಹೊರಬಂತು.

ನಲವತ್ತು ಸೆಕೆಂಡಿನ ಆ ವಿಡಿಯೋ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು. ಚಪ್ಪಾಳೆ, ಹೃದಯ, ಹೆಬ್ಬೆರಳು ಎಲ್ಲ ಬಂದವು. ಸಂಜೆ ಪುತ್ತೂರಿನಿಂದ ಅವನ ಅಜ್ಜಿಯ, ಅಂದರೆ ನನ್ನ ಅಮ್ಮನ, ಕರೆ ಬಂತು. ಮಗ ಓಡಿಹೋಗಿ ಮೊಬೈಲ್ ಕಸಿದುಕೊಂಡ.

"ಚಂದ ಆಗಿದೆ ಮಗಾ" ಎಂದರು ಅಮ್ಮ. "ಆದ್ರೆ ಈಗ ಮೊಬೈಲ್‌ನಲ್ಲಿ ಎಂತ ಬೇಕಾದ್ರೂ ಮಾಡ್ಲಿಕ್ಕೆ ಆಗ್ತದಲ್ಲ? ಅಪ್ಪ ಮಾಡಿಕೊಟ್ಟದ್ದಾ?"

ಹುಡುಗನ ಮುಖ ಸಣ್ಣದಾಯಿತು. "ಇಲ್ಲ ಅಜ್ಜಿ, ನಾನೇ ಮಾಡಿದ್ದು" ಎಂದ. "ಆಯ್ತಪ್ಪ, ಆಯ್ತು" ಎಂದರು ಅಮ್ಮ. ಆ 'ಆಯ್ತು' ಎಂಬ ಮಾತಿನಲ್ಲಿ ನಂಬಿಕೆ ಇರಲಿಲ್ಲ ಎಂಬುದು ಒಂಬತ್ತು ವರ್ಷದವನಿಗೂ ತಿಳಿಯಿತು. ಮೊಬೈಲ್ ನನ್ನ ಕೈಗೆ ಕೊಟ್ಟು ಕೋಣೆಗೆ ಹೋದ.

ನನಗೆ ಮೊದಲು ಅಮ್ಮನ ಮೇಲೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅಮ್ಮ ಹೇಳಿದ್ದರಲ್ಲಿ ತಪ್ಪೇನಿದೆ? ಬೆಳಗಾದರೆ ಅವರ ಮೊಬೈಲಿಗೆ ಬರುವ ವಿಡಿಯೋಗಳಲ್ಲಿ ಆನೆ ಮರ ಹತ್ತುತ್ತದೆ, ಎಂದೋ ತೀರಿಕೊಂಡ ಗಾಯಕರು ಹೊಸ ಹಾಡು ಹಾಡುತ್ತಾರೆ. ಕಣ್ಣಿಗೆ ಕಂಡದ್ದನ್ನು ನಂಬಬೇಡಿ ಎಂದು ಅವರಿಗೆ ಹೇಳಿಕೊಟ್ಟವರು ನಾವೇ. ಮೂರು ವಾರ ಬೆರಳು ನೋಯಿಸಿಕೊಂಡು ಕಲಿತ ಕೈಚಳಕಕ್ಕೂ ಅರ್ಧ ನಿಮಿಷದಲ್ಲಿ ಕಂಪ್ಯೂಟರ್ ಹುಟ್ಟಿಸುವ ಸುಳ್ಳಿಗೂ ಪರದೆಯ ಮೇಲೆ ವ್ಯತ್ಯಾಸವೇ ಕಾಣದಿದ್ದರೆ, ಅಜ್ಜಿ ಯಾವುದನ್ನು ನಂಬಬೇಕು?

ಅವತ್ತಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವ ಪ್ರಶ್ನೆ ಇದು. ಜಾದೂಗಾರರು ತಮ್ಮ ಆಟವನ್ನು ಚಿತ್ರೀಕರಿಸುವುದು ಏಕೆ? ಚಿತ್ರೀಕರಿಸುವಾಗ ಪ್ರೇಕ್ಷಕರು ಅಲ್ಲಿರಬೇಕೋ, ಬೇಡವೋ? ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಶಾಲೆಯ ಕಾರ್ಯಕ್ರಮದಲ್ಲೂ ಅದನ್ನೊಂದು ನಿಯಮ ಮಾಡಬೇಕು ಎಂದು ಕೇಳಿಕೊಳ್ಳಲಿಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಚಿತ್ರೀಕರಣವನ್ನೇ ಬೇಡ ಎನ್ನುವವಳಲ್ಲ ನಾನು. ಹಿಂದೆ ಜಾದೂ ಕಲಿಯುವವರು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದರು. ಕನ್ನಡಿಯಲ್ಲಿ ಒಂದು ತೊಂದರೆ ಇದೆ. ಗುಟ್ಟಿನ ಕ್ಷಣ ಬಂದಾಗ ನಮಗೇ ಗೊತ್ತಿಲ್ಲದೆ ಕಣ್ಣು ಮಿಟುಕಿಸುತ್ತೇವೆ, ನಮ್ಮ ತಪ್ಪು ನಮಗೇ ಕಾಣುವುದಿಲ್ಲ. ಮೊಬೈಲ್ ಕಣ್ಣು ಮಿಟುಕಿಸುವುದಿಲ್ಲ. ನನ್ನ ಮಗನ ಹೆಬ್ಬೆರಳು ಎದ್ದು ನಿಲ್ಲುತ್ತಿದ್ದುದು ಹನ್ನೆರಡನೇ ವಿಡಿಯೋ ನೋಡಿದ ಮೇಲೆಯೇ ಅವನಿಗೆ ತಿಳಿದದ್ದು. ವೃತ್ತಿಪರರಿಗೆ ಬೇರೆ ಕಾರಣಗಳೂ ಇವೆ. ಕಾರ್ಯಕ್ರಮ ಏರ್ಪಡಿಸುವವರಿಗೆ ಮಾದರಿ ಕಳಿಸಬೇಕು, ಈ ಆಟ ನಾನು ಮೊದಲು ಮಾಡಿದ್ದು ಎಂದು ತೋರಿಸಲು ದಾಖಲೆ ಬೇಕು, ಈಗಂತೂ ಎಷ್ಟು ಜನ ನೋಡಿದರು ಎಂಬುದರ ಮೇಲೆಯೇ ಹೊಟ್ಟೆಪಾಡು. ಎಲ್ಲವೂ ಒಪ್ಪತಕ್ಕ ಮಾತೇ.

ಆದರೆ ಅಭ್ಯಾಸಕ್ಕೆ ತೆಗೆದ ವಿಡಿಯೋ ಬೇರೆ, "ನೋಡಿ, ಇದು ನಡೆಯಿತು" ಎಂದು ನಾಲ್ಕು ಜನರಿಗೆ ತೋರಿಸುವ ವಿಡಿಯೋ ಬೇರೆ.

ಒಂದು ಕಾಲದಲ್ಲಿ ಜನ ಇದಕ್ಕೆ ತದ್ವಿರುದ್ಧವಾಗಿ ಯೋಚಿಸುತ್ತಿದ್ದರು. ಮನುಷ್ಯರ ಕಣ್ಣು ಮೋಸಹೋಗುತ್ತದೆ, ಕ್ಯಾಮೆರಾ ಮಾತ್ರ ನಿಜ ಹೇಳುತ್ತದೆ ಎಂಬ ನಂಬಿಕೆ. ನಮ್ಮ ದೇಶದ ಹೆಸರಿಗೇ ಅಂಟಿಕೊಂಡ ಹಗ್ಗದ ಜಾದೂ ಗೊತ್ತಲ್ಲ, ಜಾದೂಗಾರ ಹಗ್ಗವನ್ನು ಮೇಲಕ್ಕೆ ಎಸೆಯುತ್ತಾನೆ, ಅದು ಕೋಲಿನಂತೆ ನಿಲ್ಲುತ್ತದೆ, ಹುಡುಗನೊಬ್ಬ ಹತ್ತಿ ಮಾಯವಾಗುತ್ತಾನೆ. ಅದು ಜಗತ್ತಿನಾದ್ಯಂತ ಮನೆಮಾತಾದದ್ದು 1890ರಲ್ಲಿ ಅಮೆರಿಕದ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯಲ್ಲಿ ಬಂದ ಒಂದು ವರದಿಯಿಂದ. ಇಬ್ಬರು ಗೆಳೆಯರು ಭಾರತಕ್ಕೆ ಹೋಗಿ ಈ ಆಟ ನೋಡಿದರಂತೆ. ಒಬ್ಬ ಕಂಡದ್ದನ್ನು ಕಾಗದದ ಮೇಲೆ ಚಿತ್ರ ಬರೆದನಂತೆ, ಇನ್ನೊಬ್ಬ ಕ್ಯಾಮೆರಾದಲ್ಲಿ ಫೋಟೋ ತೆಗೆದನಂತೆ. ಬರೆದ ಚಿತ್ರದಲ್ಲಿ ಹಗ್ಗವೂ ಇದೆ, ಹುಡುಗನೂ ಇದ್ದಾನೆ. ಫೋಟೋದಲ್ಲಿ ಎರಡೂ ಇಲ್ಲ, ಜಾದೂಗಾರ ಸುಮ್ಮನೆ ನೆಲದ ಮೇಲೆ ಕೂತಿದ್ದಾನೆ! ಹಾಗಾಗಿ ಇಡೀ ಜನಸ್ತೋಮವನ್ನೇ ಆತ ಸಮ್ಮೋಹನಗೊಳಿಸಿದ್ದ ಎಂದು ವರದಿ ತೀರ್ಮಾನಿಸಿತು.

ತಮಾಷೆ ಏನೆಂದರೆ ಆ ವರದಿಯೇ ಕಟ್ಟುಕತೆ. ಕೆಲವು ತಿಂಗಳ ಬಳಿಕ ಪತ್ರಿಕೆಯೇ ಅದನ್ನು ಒಪ್ಪಿಕೊಂಡಿತು. ಫೋಟೋ ತೆಗೆದವನಿಗೆ ಅವರು ಇಟ್ಟಿದ್ದ ಹೆಸರು ಫ್ರೆಡ್ ಎಸ್. ಎಲ್‌ಮೋರ್. ಮಕ್ಕಳೇ, 'ಎಸ್'ಅನ್ನೂ 'ಎಲ್‌ಮೋರ್'ಅನ್ನೂ ಕೂಡಿಸಿ ಬೇಗ ಬೇಗ ಹೇಳಿ ನೋಡಿ. ಇಂಗ್ಲಿಷಿನಲ್ಲಿ 'ಇನ್ನಷ್ಟು ಮಾರು' ಎಂದಾಗುತ್ತದೆ! ಕತೆ ಸುಳ್ಳೆಂದು ತಿಳಿದ ಮೇಲೂ ಹಗ್ಗದ ಖ್ಯಾತಿ ಕಡಿಮೆಯಾಗಲಿಲ್ಲ. ಬಯಲಿನಲ್ಲಿ ಆ ಆಟ ಮಾಡಿ ತೋರಿಸಿದವರಿಗೆ 500 ಗಿನಿ ಬಹುಮಾನ ಎಂದು 1934ರಲ್ಲಿ ಲಂಡನ್ನಿನ ಮ್ಯಾಜಿಕ್ ಸರ್ಕಲ್ ಸಂಸ್ಥೆ ಸಾರಬೇಕಾಯಿತು. ಹಗ್ಗ ಹತ್ತುವ ಮಾಯಾವಿ ಮಾತ್ರ ನಮಗೆ ಹೊಸಬನಲ್ಲ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲೇ ಅವನ ಉದಾಹರಣೆ ಕೊಡುತ್ತಾರೆ. ಕತ್ತಿ ಗುರಾಣಿ ಹಿಡಿದು ಹಗ್ಗ ಹತ್ತುವಂತೆ ಕಾಣುವವನು ಬೇರೆ, ನೆಲದ ಮೇಲೆ ನಿಂತಿರುವ ನಿಜವಾದ ಮಾಯಾವಿ ಬೇರೆ ಎಂದು.

1890ರ ಓದುಗರು ಫೋಟೋವನ್ನು ನಂಬಿ ಜನರನ್ನು ಅನುಮಾನಿಸಿದರು. ನನ್ನ ಅಮ್ಮ ಇಂದು ವಿಡಿಯೋವನ್ನು ಅನುಮಾನಿಸುತ್ತಾರೆ, ಎದುರಿಗೆ ನಿಂತ ಮನುಷ್ಯರನ್ನು ನಂಬುತ್ತಾರೆ. ಈ ನಡುವಿನ ಕಾಲದಲ್ಲಿ ಕ್ಯಾಮೆರಾ ತಾನೇ ಜಾದೂಗಾರನಾಗಿಬಿಟ್ಟಿದೆ.

ಅದನ್ನು ಜಾದೂಗಾರನನ್ನಾಗಿ ಮಾಡಿದವರೂ ಜಾದೂಗಾರರೇ. ಪ್ಯಾರಿಸ್ಸಿನ ಜಾರ್ಜ್ ಮೆಲಿಯೆ 1888ರಲ್ಲಿ ರಾಬರ್-ಹೂದಾಂ ಎಂಬ ಜಾದೂ ರಂಗಮಂದಿರವನ್ನು ಕೊಂಡುಕೊಂಡವರು. ಸಿನಿಮಾ ಬಂದ ಕೂಡಲೇ ಅದರ ಬೆನ್ನು ಹತ್ತಿದರು. 1896ರಲ್ಲಿ ಅವರು ತೆಗೆದ ಪುಟ್ಟ ಚಿತ್ರವೊಂದರಲ್ಲಿ ಕುರ್ಚಿಯ ಮೇಲೆ ಕೂತ ಮಹಿಳೆಗೆ ಬಟ್ಟೆ ಹೊದಿಸುತ್ತಾರೆ, ಬಟ್ಟೆ ತೆಗೆದರೆ ಮಹಿಳೆ ಇಲ್ಲ. ರಂಗಮಂದಿರದಲ್ಲಾದರೆ ಈ ಆಟಕ್ಕೆ ಹಲವು ಏರ್ಪಾಡು ಬೇಕು. ಸಿನಿಮಾದಲ್ಲಿ ಕ್ಯಾಮೆರಾ ನಿಲ್ಲಿಸಿ, ಆಕೆಯನ್ನು ಎಬ್ಬಿಸಿ ಕಳಿಸಿ, ಮತ್ತೆ ಕ್ಯಾಮೆರಾ ಓಡಿಸಿದರೆ ಮುಗಿಯಿತು. ಹಾಗಿದ್ದರೂ ಮೆಲಿಯೆ ಚಿತ್ರದಲ್ಲಿ ಮೊದಲು ನೆಲದ ಮೇಲೆ ಒಂದು ಪತ್ರಿಕೆ ಹಾಸುತ್ತಾರೆ! ನೆಲದಲ್ಲಿ ಗುಪ್ತ ಬಾಗಿಲಿಲ್ಲ ಎಂದು ತೋರಿಸಲಿಕ್ಕೆ. ಬಾಗಿಲಿನ ಅಗತ್ಯವೇ ಇಲ್ಲದ ಕಡೆ ಬಾಗಿಲಿಲ್ಲ ಎಂಬ ಸಾಕ್ಷ್ಯ. ನನಗೆ ಆ ಪತ್ರಿಕೆ ಬಹಳ ಇಷ್ಟ. ನೋಡುವವರಿಗೆ ಪುರಾವೆ ಕೊಡಬೇಕು ಎಂಬ ರಂಗಭೂಮಿಯ ಅಭ್ಯಾಸವನ್ನು ಅವರು ಕ್ಯಾಮೆರಾದ ಮುಂದೆಯೂ ಬಿಟ್ಟಿರಲಿಲ್ಲ.

ನಮ್ಮ ಭಾರತೀಯ ಸಿನಿಮಾದ ಪಿತಾಮಹ ದಾದಾಸಾಹೇಬ್ ಫಾಳ್ಕೆ ಅವರಿಗೂ ಜಾದೂ ಗೊತ್ತಿತ್ತು. ತಮ್ಮ ಹೆಸರನ್ನೇ ತಿರುಗಿಸಿ 'ಪ್ರೊಫೆಸರ್ ಕೇಳ್ಫಾ' ಎಂದು ಇಟ್ಟುಕೊಂಡಿದ್ದರು. 'ರಾಜಾ ಹರಿಶ್ಚಂದ್ರ' ತೆಗೆಯುವ ಮೊದಲು, 1912ರಲ್ಲಿ, ಅವರು ಕುಂಡದಲ್ಲಿ ಬಟಾಣಿ ನೆಟ್ಟು, ಅದು ಮೊಳೆತು ಗಿಡವಾಗುವವರೆಗೂ ದಿನವೂ ಸ್ವಲ್ಪ ಸ್ವಲ್ಪವೇ ಚಿತ್ರೀಕರಿಸಿದರು. ಪರದೆಯ ಮೇಲೆ ನೋಡಿದರೆ ಗಿಡ ಕಣ್ಣೆದುರೇ ಸರಸರನೆ ಬೆಳೆಯುತ್ತದೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಸಂತೆಯಲ್ಲಿ ಗಾರುಡಿಗರು ಮಾಡುತ್ತಿದ್ದ ಮಾವಿನ ಗಿಡದ ಆಟ. ಮಣ್ಣಿನಲ್ಲಿ ಓಟೆ ಹೂಳುತ್ತಾರೆ, ಬಟ್ಟೆ ಮುಚ್ಚುತ್ತಾರೆ, ಡಮರು ಬಾರಿಸುತ್ತಾರೆ, ಬಟ್ಟೆ ತೆಗೆದರೆ ಎಲೆ ಬಂದಿರುತ್ತದೆ. ಎರಡರಲ್ಲೂ ಗಿಡ ಬೆಳೆಯುತ್ತದೆ. ಫಾಳ್ಕೆಯವರ ಬಟಾಣಿ ನಿಜವಾಗಿಯೇ ಬೆಳೆದದ್ದು, ಕಾಲವನ್ನು ಮಾತ್ರ ಕ್ಯಾಮೆರಾ ಮಡಚಿತು. ಗಾರುಡಿಗನ ಮಾವು ಬೆಳೆಯಲೇ ಇಲ್ಲ, ಆದರೆ ಸುತ್ತ ನಿಂತ ಐವತ್ತು ಜನರ ಕಣ್ಣುಗಳ ನಡುವೆ ಅವನು ಆ ಗಿಡ ತಂದಿಟ್ಟ. ಎರಡೂ ವಿದ್ಯೆಯೇ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರಬಾರದು, ಅಷ್ಟೇ ನನ್ನ ತಕರಾರು.

ಟಿವಿಯ ಕಾಲಕ್ಕೆ ಬರೋಣ. 1956ರ ಏಪ್ರಿಲ್ 9ರಂದು ಬಂಗಾಳದ ಪಿ.ಸಿ. ಸರ್ಕಾರ್ ಬಿಬಿಸಿಯ 'ಪನೋರಮಾ' ಕಾರ್ಯಕ್ರಮದಲ್ಲಿ ಹದಿನೇಳು ವರ್ಷದ ಸಹಾಯಕಿಯನ್ನು ಗರಗಸದಿಂದ ಎರಡು ತುಂಡು ಮಾಡುವ ಆಟ ತೋರಿಸಿದರು. ನೇರ ಪ್ರಸಾರ. ಗರಗಸ ನಿಂತಿತು. ಸರ್ಕಾರ್ ಆಕೆಯ ಕೈ ಉಜ್ಜಿದರು, ಆಕೆ ಏಳಲಿಲ್ಲ. ತಲೆಯಾಡಿಸಿ ಮುಖದ ಮೇಲೆ ಕಪ್ಪು ಬಟ್ಟೆ ಹೊದಿಸಿದರು. ನಿರೂಪಕ ರಿಚರ್ಡ್ ಡಿಂಬಲ್ಬಿ ಕ್ಯಾಮೆರಾದ ಮುಂದೆ ಬಂದು ಕಾರ್ಯಕ್ರಮ ಮುಗಿಯಿತು ಎಂದರು. ಆಮೇಲೆ ಕೇಳಬೇಕೇ! ಹುಡುಗಿ ಸತ್ತೇಹೋದಳು ಎಂದು ಗಾಬರಿಯಾದ ಜನರ ಕರೆಗಳಿಂದ ಬಿಬಿಸಿಯ ದೂರವಾಣಿಗಳು ಕಿಕ್ಕಿರಿದವು. ಹುಡುಗಿ ಕ್ಷೇಮವಾಗಿದ್ದಳು. ಮರುದಿನದ ಪತ್ರಿಕೆಗಳ ತುಂಬ ಅದೇ ಸುದ್ದಿ, ಲಂಡನ್ನಿನಲ್ಲಿ ಸರ್ಕಾರರ ಪ್ರದರ್ಶನಗಳ ಟಿಕೆಟ್ ಖಾಲಿ. ಅಂದಿನ ವೀಕ್ಷಕರಿಗೆ "ಇದನ್ನು ಎಲ್ಲೋ ಕತ್ತರಿಸಿ ಜೋಡಿಸಿದ್ದಾರೆ" ಎಂಬ ಯೋಚನೆಯೇ ಬರಲಿಲ್ಲ. ಟಿವಿ ಅವರಿಗೆ ಬರೀ ಒಂದು ಕಿಟಕಿ, ಕಿಟಕಿಯಾಚೆ ನಡೆಯುವುದು ನಿಜ.

ಟೇಪಿನಲ್ಲಿ ಮುದ್ರಿಸಿ ಕತ್ತರಿಸುವುದು ಸುಲಭವಾದ ಮೇಲೆ ಆ ನಂಬಿಕೆ ಸಡಿಲಾಯಿತು. ಜಾದೂಗಾರರಿಗೆ ಇದು ಮೊದಲೇ ಗೊತ್ತಾಗಿತ್ತು. 1960ರಲ್ಲಿ ಅಮೆರಿಕದ ಟಿವಿಯಲ್ಲಿ ಮಕ್ಕಳಿಗಾಗಿ ವಾರವಾರವೂ ಜಾದೂ ಕಾರ್ಯಕ್ರಮ ಶುರುಮಾಡಿದ ಮಾರ್ಕ್ ವಿಲ್ಸನ್ ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರಿಸಿದರು, ಆಟದ ನಡುವೆ ಕ್ಯಾಮೆರಾ ಬೇರೆಡೆ ತಿರುಗುವುದಿಲ್ಲ ಎಂದು ಮಾತು ಕೊಟ್ಟರು. ಡಗ್ ಹೆನಿಂಗ್ 1975ರ ಡಿಸೆಂಬರ್ 26ರಂದು ಇಡೀ ಕಾರ್ಯಕ್ರಮವನ್ನು ನೇರ ಪ್ರಸಾರದಲ್ಲೇ ಮಾಡಿದರು, ಎಡವಿದರೆ ಕೋಟ್ಯಂತರ ಜನರ ಮುಂದೆ ಎಡವಬೇಕು. 1983ರಲ್ಲಿ ಡೇವಿಡ್ ಕಾಪರ್‌ಫೀಲ್ಡ್ ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನೇ ಮಾಯ ಮಾಡಿದಾಗಲೂ ಆ ದ್ವೀಪದಲ್ಲಿ ಜನರನ್ನು ಸಾಲಾಗಿ ಕೂರಿಸಿದ್ದರು. ಪ್ರತಿಮೆಯ ಮುಂದೆ ಪರದೆ ಎದ್ದಿತು, ಇಳಿಯಿತು, ಪ್ರತಿಮೆ ಇಲ್ಲ. ಆ ಸಾಲಿನಲ್ಲಿ ಕೂತವರಿಗೆ ಏನು ಕಂಡಿತು, ಅವರಿಗೆ ಮೊದಲೇ ಗೊತ್ತಿತ್ತೇ ಎಂದು ಇಂದಿಗೂ ಜನ ಜಗಳವಾಡುತ್ತಾರೆ. ಜಗಳ ಪ್ರತಿಮೆಯ ಬಗ್ಗೆ ಅಲ್ಲ ನೋಡಿ, ಪ್ರೇಕ್ಷಕರ ಬಗ್ಗೆ. ಸಾಕ್ಷಿ ಕೆಟ್ಟರೆ ಆಟವೂ ಕೆಟ್ಟಿತು ಎಂಬುದು ಎಲ್ಲರಿಗೂ ಒಳಗೊಳಗೇ ಗೊತ್ತು.

1997ರಲ್ಲಿ ಡೇವಿಡ್ ಬ್ಲೇನ್ ಬೀದಿಗಿಳಿದರು. ಅಲ್ಲಿ ಒಂದು ಹೊಸ ವಿದ್ಯೆ ಹುಟ್ಟಿತು. ಕ್ಯಾಮೆರಾ ಜಾದೂಗಾರನ ಕೈಯನ್ನು ಬಿಟ್ಟು ನೋಡುವವರ ಮುಖಕ್ಕೆ ತಿರುಗಿತು. ಕಿರುಚುವವರು, ಓಡಿಹೋಗುವವರು, ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವವರು. ಚಂದವಾಗಿಯೇ ಇತ್ತು. ಆದರೆ ಆತ ಗಾಳಿಯಲ್ಲಿ ತೇಲುವ ದೃಶ್ಯವನ್ನು ಹೇಗೆ ಸಂಕಲನ ಮಾಡಿದರು ಎಂಬುದರ ಬಗ್ಗೆ ಜಾದೂಗಾರರಲ್ಲೇ ದೊಡ್ಡ ಚರ್ಚೆ ಎದ್ದಿತು. ಇಂದು ನಮ್ಮ ಮಕ್ಕಳು ನೋಡುವ ರೀಲ್ಸ್‌ಗಳಲ್ಲಿ ಆ ಕಿರುಚಾಟವೇ ಮುಖ್ಯ ತಿಂಡಿ, ಜಾದೂ ಪಕ್ಕದ ಚಟ್ನಿ. ಗೆಳೆಯರನ್ನು ನಿಲ್ಲಿಸಿ "ಬೆರಗಾದ ಹಾಗೆ ಮಾಡು" ಎಂದು ಹೇಳಿ ತೆಗೆದ ವಿಡಿಯೋಗಳೂ ಅವುಗಳಲ್ಲಿ ಇರುತ್ತವೆ. ಹೀಗೆ ಬಾಡಿಗೆಗೆ ತಂದ ಬೆರಗಿಗಿಂತ ನನ್ನ ಮಗನ ಗೊಂಬೆ ಕರಡಿಯೇ ವಾಸಿ. ಅದು ಸುಳ್ಳಾದರೂ ಹೇಳಲಿಲ್ಲ.

ನಮ್ಮ ಊರಿನ ಕಡೆ ಜಾದೂ ನೋಡಿದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಮಂಗಳೂರಿನ ಕುದ್ರೋಳಿ ಗಣೇಶ್ ಆಗಲಿ, ಉಡುಪಿಯ ಪ್ರಹ್ಲಾದ ಆಚಾರ್ಯ ಆಗಲಿ ವೇದಿಕೆಗೆ ಬಂದರೆ ಸಭೆಯಲ್ಲಿ ಯಾರನ್ನು ಮೇಲೆ ಕರೆಯುತ್ತಾರೋ ಎಂಬುದೇ ಮಕ್ಕಳಿಗೆ ಅರ್ಧ ರೋಮಾಂಚನ. ಪವಾಡಗಳ ಗುಟ್ಟು ಬಯಲು ಮಾಡುವ ಹುಲಿಕಲ್ ನಟರಾಜ್ ಅವರ ಕಾರ್ಯಕ್ರಮಗಳಿಗೂ ಎದುರಿಗೆ ಜನ ಬೇಕೇ ಬೇಕು. ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯ ಒಂದು ಸಮಿತಿ ರಚಿಸಿದಾಗ ಕೇಳಿದ್ದೂ ಇದನ್ನೇ. ನಮ್ಮೆಲ್ಲರ ಮುಂದೆ ಮಾಡಿ ತೋರಿಸಿ ಎಂದು. ಜಾದೂಗಾರ ಅದಕ್ಕೆ ಸಿದ್ಧ. ಅವನಿಗೂ ಪವಾಡಪುರುಷನಿಗೂ ಇರುವ ಅಂತರವೇ ಅದು.

ನಮ್ಮ ಭಾಷೆಯಲ್ಲಿ ಇದಕ್ಕೆ ಇರುವ ಪದವನ್ನೇ ನೋಡಿ: ಕಣ್ಕಟ್ಟು. ಕಣ್ಣನ್ನು ಕಟ್ಟುವುದು. ಕಟ್ಟಲು ಒಂದು ಜೊತೆ ಕಣ್ಣಾದರೂ ಎದುರಿಗೆ ಇರಬೇಡವೇ? ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು, ಅದೂ ಕಟ್ಟಿದ ಜಾಗದಿಂದ ಅಲುಗದ್ದು. ಅದನ್ನು ಮರುಳುಮಾಡಲು ಕೈಚಳಕ ಬೇಡ. ಚೌಕಟ್ಟಿನ ಹೊರಗೆ ಕೈ ಹೋದರೆ ಸಾಕು. ಎಡಕ್ಕೊಬ್ಬ, ಬಲಕ್ಕೊಬ್ಬ, ನೆಲದ ಮೇಲೆ ಕೂತು ಕೆಳಗಿನಿಂದ ಇಣುಕುವ ತಂಟೆಕೋರನೊಬ್ಬ ಇದ್ದಾಗಲೇ ಕೈಗೆ ನಿಜವಾದ ಕೆಲಸ. ಅಲ್ಲದೆ ಮನುಷ್ಯರ ಕಣ್ಣು ಜಾದೂಗಾರನ ಕಣ್ಣು ಹೋದ ಕಡೆ ಹೋಗುತ್ತದೆ, ಅವನು ನಕ್ಕರೆ ಸಡಿಲಾಗುತ್ತದೆ. ಜಾದೂ ನಡೆಯುವುದೇ ಆ ಕೊಡುಕೊಳ್ಳುವಿಕೆಯಲ್ಲಿ. ನನ್ನ ಮಗ 31 ಸಲ ಚಿತ್ರೀಕರಿಸಿ ಕಲಿಯದೇ ಹೋದದ್ದು ಅದನ್ನೇ. ಗೊಂಬೆ ಕರಡಿಯ ಗಮನ ಬೇರೆಡೆ ಸೆಳೆಯುವುದು ಹೇಗೆ?

ಇದಕ್ಕೆ ಎದುರು ಮಾತುಗಳೂ ಇವೆ. ನಮ್ಮ ತಾಯಂದಿರ ಗುಂಪಿನಲ್ಲಿ ಇದನ್ನು ಹೇಳಿದಾಗ ಒಬ್ಬರು, "ವಿಡಿಯೋ ಅಂದದ್ದೇ ನಾಚಿಕೆಯ ಮಕ್ಕಳಿಗಾಗಿ. ಅಲ್ಲೂ ಜನ ಬೇಕು ಅಂದ್ರೆ ಆ ಮಕ್ಕಳು ಭಾಗವಹಿಸೋದೇ ಇಲ್ಲ" ಎಂದರು. ಈ ಮಾತು ನನ್ನನ್ನು ತಟ್ಟಿತು, ಏಕೆಂದರೆ ನನ್ನ ಮಗನೇ ಆ ಜಾತಿಯವನು. ಮುನ್ನೂರು ಜನರ ಸಭಾಂಗಣಕ್ಕೂ ಖಾಲಿ ಅಡುಗೆಮನೆಗೂ ನಡುವೆ ಸಾಕಷ್ಟು ಜಾಗ ಇದೆ ಎಂಬುದಷ್ಟೇ ನನ್ನ ಉತ್ತರ. ಮೂರು ಜನ ಸಾಕು. ಕೊರೋನಾ ಕಾಲದಲ್ಲಿ ಜಾದೂಗಾರರು ಜೂಮ್ ಪರದೆಯ ಮೇಲೆ ಪ್ರದರ್ಶನ ಕೊಟ್ಟಾಗಲೂ ನೋಡುವವರ ಕೈಯಲ್ಲೇ ಇಸ್ಪೀಟು ಹಿಡಿಸಿ ಆಡಿಸುತ್ತಿದ್ದರಲ್ಲ!

ಇನ್ನೊಬ್ಬರು, ಅವರ ಮಗಳು ಇಸ್ಪೀಟು ಎಲೆಗಳನ್ನು ಬೆರಳ ತುದಿಯಲ್ಲಿ ಬೀಸಣಿಗೆಯಂತೆ ಅರಳಿಸುವ ವಿಡಿಯೋಗಳನ್ನು ಚೆನ್ನಾಗಿ ಮಾಡುತ್ತಾಳೆ, "ಕ್ಯಾಮೆರಾಕ್ಕಾಗಿಯೇ ಹುಟ್ಟಿದ ಕಲೆಯೂ ಇದೆಯಲ್ಲ" ಎಂದರು. ಇದೆ, ಒಪ್ಪಿದೆ. ಜಾದೂಗಾರರ ಅಂತರರಾಷ್ಟ್ರೀಯ ಒಕ್ಕೂಟ 2025ರಲ್ಲಿ ಇಟಲಿಯ ಟುರಿನ್‌ನಲ್ಲಿ ಸೇರಿದಾಗ ಅಂತರ್ಜಾಲದಲ್ಲಿ ಜಾದೂ ಮಾಡುವವರಿಗೆ ಕೊಡುವ ಪ್ರಶಸ್ತಿ ನಮ್ಮ ಭಾರತದ ಸುಹಾನಿ ಶಾ ಅವರಿಗೆ ಬಂತು. ಕ್ಯಾಮೆರಾದ ಕಲೆಯನ್ನು ಕ್ಯಾಮೆರಾದ ಕಲೆ ಎಂದೇ ಕರೆದು ತೋರಿಸಿದರೆ ನನಗೆ ಸಂತೋಷವೇ. ಮೆಲಿಯೆ ಮಾಡಿದ್ದೂ ಅದನ್ನೇ.

ಮೂರನೆಯ ಮಾತು ಮಾತ್ರ ನನ್ನನ್ನು ನಿಲ್ಲಿಸಿಬಿಟ್ಟಿತು, ಏಕೆಂದರೆ ಅದು ನಾವಿರುವ ನೆಲದ ಕಾನೂನಿನ ಮಾತು. ಸೂಕ್ ವಾಕಿಫ್‌ನಲ್ಲೋ ಕಾರ್ನಿಶ್‌ನಲ್ಲೋ ನಿಂತು ಹೋಗಿಬರುವವರಿಗೆ ಜಾದೂ ತೋರಿಸಿ ಅವರ ಮುಖ ಚಿತ್ರೀಕರಿಸೋಣ ಎಂದು ದೊಡ್ಡ ಮಕ್ಕಳಿಗೆ ಅನಿಸಬಹುದು. ಮಾಡಬೇಡಿ. ಕತಾರ್‌ನ 2014ರ ಸೈಬರ್ ಅಪರಾಧ ಕಾಯ್ದೆಗೆ 2025ರಲ್ಲಿ ಒಂದು ತಿದ್ದುಪಡಿ ಬಂದಿದೆ. ಸಾರ್ವಜನಿಕ ಸ್ಥಳದಲ್ಲೇ ಆದರೂ ಒಬ್ಬರಿಗೆ ತಿಳಿಸದೆ, ಅವರ ಒಪ್ಪಿಗೆ ಇಲ್ಲದೆ ಅವರ ಫೋಟೋ ಅಥವಾ ವಿಡಿಯೋವನ್ನು ಅಂತರ್ಜಾಲದಲ್ಲಿ ಹಾಕಿ ಅವರ ಖಾಸಗಿತನಕ್ಕೆ ಧಕ್ಕೆ ತಂದರೆ ಒಂದು ವರ್ಷದವರೆಗೆ ಜೈಲು, 1,00,000 ರಿಯಾಲ್‌ವರೆಗೆ ದಂಡ, ಅಥವಾ ಎರಡರಲ್ಲಿ ಒಂದು. ಕಾನೂನಿನ ಭಯ ಒಂದು ಕಡೆ ಇರಲಿ. ಯಾರದೋ ಬೆರಗನ್ನು, ಯಾರದೋ ಪೆದ್ದುಮುಖವನ್ನು ಕೇಳದೆ ಜಗತ್ತಿಗೆ ಹಂಚುವುದು ಸರಿಯೇ? ನಮ್ಮದೇ ಕಾರ್ಯಕ್ರಮಗಳಲ್ಲೂ ಪಕ್ಕದ ಮಗುವಿನ ಮುಖ ನಮ್ಮ ವಿಡಿಯೋದಲ್ಲಿ ಬಂದಾಗ ನಾವು ಎಷ್ಟು ಜನ ಅದರ ತಾಯಿಯನ್ನು ಕೇಳಿದ್ದೇವೆ? ನಾನು ಕೇಳಿಲ್ಲ.

ಪ್ರೇಕ್ಷಕರು ಬೇಕು, ಅವರ ಮುಖ ಬೇಡ. ಹೇಗೆ ಸಾಧ್ಯ? ಎರಡು ದಿನ ಯೋಚಿಸಿದ ಮೇಲೆ ಉತ್ತರ ಹೊಳೆದದ್ದು ಯಕ್ಷಗಾನದ ಹಳೆಯ ವಿಡಿಯೋ ಒಂದನ್ನು ನೋಡುವಾಗ. ಹಿಂದಿನ ಸಾಲಿನಿಂದ ತೆಗೆದದ್ದು. ರಂಗಸ್ಥಳದ ಮುಂದೆ ಸಾಲು ಸಾಲು ತಲೆಗಳ ನೆರಳು, ಯಾರದೋ ಮುಂಡಾಸು, ಹೆಗಲ ಮೇಲೆ ನಿದ್ದೆ ಹೋದ ಮಗು. ಒಬ್ಬರ ಮುಖವೂ ಕಾಣುವುದಿಲ್ಲ, ಆದರೆ ಜನ ಇದ್ದಾರೆ ಎಂಬುದರಲ್ಲಿ ಸಂಶಯವೇ ಇಲ್ಲ. ಕ್ಯಾಮೆರಾವನ್ನು ಜಾದೂಗಾರನ ಪಕ್ಕದಲ್ಲಿಟ್ಟು ಜನರ ಕಡೆ ತಿರುಗಿಸುವ ಬದಲು ಜನರ ಹಿಂದೆ, ಕೊನೆಯ ಸಾಲಿನಲ್ಲಿ, ಇಡಬೇಕು. ಪ್ರೇಕ್ಷಕರ ಕೆಲಸ ನೋಡುವುದು, ತಾವು ಕಾಣಿಸಿಕೊಳ್ಳುವುದಲ್ಲವಲ್ಲ.

ಹಾಗಾಗಿ ನಮ್ಮ ಕಾರ್ಯಕ್ರಮ ಸಮಿತಿಗೆ ನನ್ನ ಮನವಿ ಇಷ್ಟು. ಜಾದೂ ವಿಡಿಯೋ ಕಳಿಸುವವರು ಗುಟ್ಟು ಗೊತ್ತಿಲ್ಲದ ಕನಿಷ್ಠ ಮೂವರನ್ನು ಎದುರಿಗೆ ಕೂರಿಸಿಕೊಳ್ಳಲಿ. ಅವರಲ್ಲಿ ಒಬ್ಬರಾದರೂ ನಾಣ್ಯವನ್ನೋ ಎಲೆಯನ್ನೋ ಕೈಯಲ್ಲಿ ಹಿಡಿದು ನೋಡಲಿ. ಶುರುವಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಚಿತ್ರೀಕರಣವಾಗಲಿ. ನಡುವೆ ತಪ್ಪಾದರೆ ತಪ್ಪೂ ಇರಲಿ, ಅದಕ್ಕೆ ಅಂಕ ಕಳೆಯಬೇಡಿ. ಹಿಂದಿನಿಂದ ಚಪ್ಪಾಳೆಯ ಸದ್ದು ಸೇರಿಸಬೇಡಿ. ಎದುರಿಗೆ ಕೂತವರನ್ನು ಚಿತ್ರೀಕರಿಸುವ ಮೊದಲು ಒಮ್ಮೆ, ಕಳಿಸುವ ಮೊದಲು ಇನ್ನೊಮ್ಮೆ ಕೇಳಿ. ಮಕ್ಕಳಾದರೆ ಅವರ ಅಪ್ಪ ಅಮ್ಮನನ್ನೂ ಕೇಳಿ.

ನಮ್ಮ ಮನೆಯಲ್ಲಿ ಹೋದ ವಾರ ಹಾಗೆಯೇ ಮಾಡಿದೆವು. ಎದುರು ಫ್ಲ್ಯಾಟಿನ ಆಂಟಿ, ಅವರ ಇಬ್ಬರು ಮಕ್ಕಳು, ಗ್ಯಾಸ್ ಸಿಲಿಂಡರ್ ತಂದುಕೊಟ್ಟು ಹೊರಡುತ್ತಿದ್ದ ನಮ್ಮ ಕಟ್ಟಡದ ವಾಚ್‌ಮನ್. ಅವರು ಮೊದಲೇ ಹೇಳಿದರು, "ನನ್ನ ಮುಖ ಬೇಡ ಮೇಡಂ, ಆಟ ನೋಡ್ತೇನೆ." ಮೊಬೈಲನ್ನು ಅವರೆಲ್ಲರ ಬೆನ್ನ ಹಿಂದೆ ಪುಸ್ತಕದ ಕಪಾಟಿನಲ್ಲಿ ಒರಗಿಸಿಟ್ಟೆವು. ಹುಡುಗನ ಕೈ ನಡುಗುತ್ತಿತ್ತು. ಮೊದಲ ಸಲ ನಾಣ್ಯ ಜಾರಿ ಟಣ್ ಎಂದು ಬಿತ್ತು. ಚಿಕ್ಕ ಹುಡುಗಿ "ಬಿತ್ತು, ಬಿತ್ತು!" ಎಂದು ಕಿರುಚಿದಳು. ನಾನು ಉಸಿರು ಬಿಗಿಹಿಡಿದೆ, ಈಗ ಕೋಣೆಗೆ ಓಡುತ್ತಾನೆ ಎಂದುಕೊಂಡೆ. ಓಡಲಿಲ್ಲ. ಬಗ್ಗಿ ನಾಣ್ಯ ಎತ್ತಿಕೊಂಡು, ಅದನ್ನು ವಾಚ್‌ಮನ್ ಕೈಗೆ ಕೊಟ್ಟು, "ಅಂಕಲ್, ಇದು ಸರಿ ಇದೆಯಾ ನೋಡಿ" ಎಂದ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, ಹಲ್ಲಿನಿಂದ ಕಚ್ಚಿ, ವಾಪಸು ಕೊಟ್ಟರು. ಎಲ್ಲರೂ ನಕ್ಕರು. ಆ ನಗುವಿನ ನಡುವೆ ಅವನು ಆಟ ಮುಗಿಸಿಬಿಟ್ಟ, ನನಗೇ ಗೊತ್ತಾಗಲಿಲ್ಲ. ಗುಟ್ಟು ಗೊತ್ತಿದ್ದ ನಾನೂ ಎಡಗೈಯನ್ನೇ ನೋಡುತ್ತಿದ್ದೆ. ನಾಣ್ಯ ವಾಚ್‌ಮನ್ ಅವರ ಕಿವಿಯ ಹಿಂದಿನಿಂದ ಬಂತು.

ಎರಡು ನಿಮಿಷ ಹತ್ತು ಸೆಕೆಂಡು. ನಾಣ್ಯ ಬಿದ್ದದ್ದೂ ಇದೆ. ಎಲ್ಲರ ಒಪ್ಪಿಗೆ ಕೇಳಿ ಅಮ್ಮನಿಗೆ ಒಬ್ಬರಿಗೇ ಕಳಿಸಿದೆ.

ಸಂಜೆ ಕರೆ ಬಂತು. ಅಮ್ಮ ಜಾದೂ ಬಗ್ಗೆ ಮೊದಲು ಏನೂ ಹೇಳಲಿಲ್ಲ. "ಆ ನಾಣ್ಯ ಕಚ್ಚಿದ ಮನುಷ್ಯ ಯಾರು ಮಾರಾಯ್ತಿ? ಎಷ್ಟು ಚಂದ ನಗಾಡ್ತಾರೆ!" ಎಂದರು. ಆಮೇಲೆ ಮೊಮ್ಮಗನನ್ನು ಕರೆದು, "ಮೊದಲು ಬಿತ್ತಲ್ಲ, ಆಗ ಹೆದರಿಕೆ ಆಯ್ತಾ ಮಗಾ?" ಎಂದು ಕೇಳಿದರು. ಅವನು "ಸ್ವಲ್ಪ" ಎಂದ.

"ರಜೆಯಲ್ಲಿ ಬಂದಾಗ ನನಗೆ ಮಾಡಿ ತೋರಿಸು. ನಾನು ಎದುರು ಕೂರೋದಿಲ್ಲ, ಪಕ್ಕದಲ್ಲಿ ಕೂರ್ತೇನೆ."

ಅವನೀಗ ಪಕ್ಕದಿಂದ ಕಾಣದ ಹಾಗೆ ಅಭ್ಯಾಸ ಮಾಡುತ್ತಿದ್ದಾನೆ. ಕೆಳಗಿನ ಫ್ಲ್ಯಾಟಿನವರಲ್ಲಿ ಕ್ಷಮೆ ಕೇಳಬೇಕು.